ಕಿವಿ ಕೇಳ್ಸಲ್ಲ ಅಂತ ಬೇಕಂತಲೇ ಬಟನ್ ಒತ್ತದಿದ್ರೆ ಟೆಸ್ಟಲ್ಲಿ ಹೇಗೆ ಗೊತ್ತಾಗುತ್ತೆ?

ಫೈಲ್ ಗುಮಾಸ್ತ:

ಎಲ್ರಿಗೂ ನಮಸ್ಕಾರ, ಆಡಿಯಾಲಜಿ (ಕಿವಿ ಎಷ್ಟು ಕೇಳುತ್ತೆ ಅಂತ ಅಳೆಯೋ ವಿದ್ಯೆ) ಓದಿದವ್ರು ಯಾರಾದ್ರೂ ಇದ್ರೆ ಸ್ವಲ್ಪ ಬಿಡಿಸಿ ಹೇಳಿ. ನಾನು ಡಾಕ್ಟ್ರೂ ಅಲ್ಲ ವಕೀಲನೂ ಅಲ್ಲ, ಪರಿಹಾರ ಕೇಳಿ ಬರೋ ಅರ್ಜಿಗಳ ಕಾಗದ ಪತ್ರ ಸರಿಯಿದ್ಯಾ ಅಂತ ನೋಡಿ ಮೇಲಕ್ಕೆ ಕಳ್ಸೋನು. ಮೆಷಿನ್ ಸದ್ದಲ್ಲಿ ಕೆಲಸ ಮಾಡಿ ಕಿವಿ ಹೋಯ್ತು ಅನ್ನೋ ಅರ್ಜಿಗಳೂ ಬರ್ತಾವೆ, ಜೊತೆಗೆ ಆಡಿಯೋಗ್ರಾಂ, ಅಂದ್ರೆ ಕಿವಿ ಪರೀಕ್ಷೆಯ ಗ್ರಾಫ್ ಇರುತ್ತೆ, ನಿಜ ಹೇಳ್ಬೇಕಂದ್ರೆ ನಮ್ಮಲ್ಲಿ ಯಾರೂ ಆ ಗ್ರಾಫ್ ಕಡೆ ಕಣ್ಣು ಹಾಯ್ಸಲ್ಲ, ಕೆಳಗೆ ಬರೆದಿರೋ ನಂಬರ್ ನೋಡ್ತೀವಿ ಅಷ್ಟೆ.

ಈಗೊಂದು ಫೈಲ್ ಬಂದಿದೆ, ಗುರುತು ಸಿಗೋ ವಿವರ ಎಲ್ಲ ಬಿಟ್ಟು ಬರೀತಿದೀನಿ. ಬಲಗಿವಿ ಸರಾಸರಿ 10 ಡೆಸಿಬೆಲ್, ಅಂದ್ರೆ ಚೆನ್ನಾಗಿದೆ ಅಂತ ತಿಳ್ಕೊಂಡಿದೀನಿ. ಎಡಗಿವಿ 95, ಅಂದ್ರೆ ಹೆಚ್ಚುಕಮ್ಮಿ ಏನೂ ಕೇಳ್ಸಲ್ಲ ಅಂತ. ಶರಾ ಬರೆಯೋ ಜಾಗದಲ್ಲಿ ಪಿಟಿಎಗೂ ಎಸ್‌ಆರ್‌ಟಿಗೂ ತಾಳೆ ಇಲ್ಲ, ಶ್ಯಾಡೋ ಇಲ್ಲ, ಸ್ಟೆಂಗರ್ ಪಾಸಿಟಿವ್, ಬೆರಾ ಮಾಡಿಸಿ ಅಂತ ಬರ್ದಿದಾರೆ, ಇದ್ಯಾವುದೂ ನಂಗೆ ಅರ್ಥ ಆಗ್ಲಿಲ್ಲ. ಪಕ್ಕದ ಟೇಬಲ್ಲವ್ರು ನೋಡಿ, ನಾಟಕ ಕಣೋ ಇದು, ತಳ್ಳಿ ಹಾಕು ಅಂದ್ರು. ನಂಗೆ ಹಾಗೆ ತಳ್ಳಿ ಹಾಕೋಕೆ ಮನಸ್ಸಿಲ್ಲ, ಯಾಕಂದ್ರೆ ಆ ಮನುಷ್ಯ ನಿಜವಾಗ್ಲೂ ಸದ್ದಿನ ಜಾಗದಲ್ಲಿ ವರ್ಷಗಟ್ಲೆ ದುಡಿದಿದ್ದಕ್ಕೆ ಕಾಗದ ಇದೆ.

ನನ್ನ ತಲೆಗೆ ಹೋಗದೇ ಇರೋದು ಇಷ್ಟೆ. ಸದ್ದು ಕೇಳೋದು ಅವ್ರ ತಲೆಯೊಳಗೆ, ಬಟನ್ ಇರೋದು ಅವ್ರ ಕೈಯಲ್ಲಿ. ಒತ್ತಲ್ಲ ಅಂದ್ರೆ ಒತ್ತಲ್ಲ. ಹೊರಗೆ ಕೂತಿರೋರಿಗೆ ಅದು ಸುಳ್ಳು ಅಂತ ಹೇಗೆ ಗೊತ್ತಾಗುತ್ತೆ? ಮತ್ತೆ ಈ ಸ್ಟೆಂಗರ್ ಪಾಸಿಟಿವ್ ಅಂದ್ರೆ ಸುಳ್ಳು ಹೇಳ್ತಿದಾರೆ ಅಂತಲೇ ಅರ್ಥನಾ?

ಶಾಂತಧ್ವನಿ:

ದಿನಾ ಇದೇ ಕೆಲಸ ನಂದು, ಆಡಿಯಾಲಜಿಸ್ಟ್. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದ್ಕೊಳ್ಳಿ.

ಒಂದು ಸಲ ಒಂದು ಸದ್ದು ಕೊಟ್ಟು ಬಿಟ್ರೆ ಖಂಡಿತ ಗೊತ್ತಾಗಲ್ಲ. ಆದ್ರೆ ನಾವು ಹಾಗೆ ಮಾಡಲ್ವಲ್ಲ. ಪ್ಯೂರ್ ಟೋನ್ ಟೆಸ್ಟಲ್ಲಿ 250 ಹರ್ಟ್ಸಿಂದ 8000 ಹರ್ಟ್ಸ್ ತನಕ ಒಂದೊಂದೇ ಸ್ವರ ಕೊಡ್ತೀವಿ, ಒತ್ತಿದ್ರೆ 10 ಡೆಸಿಬೆಲ್ ಇಳಿಸ್ತೀವಿ, ಒತ್ತದಿದ್ರೆ 5 ಏರಿಸ್ತೀವಿ, ಹೀಗೆ ಹತ್ತಿ ಇಳಿದು ಕೊನೆಗೆ ಎಲ್ಲಿ ನಿಲ್ಲುತ್ತೋ ಅದೇ ಥ್ರೆಶೋಲ್ಡ್, ಅಂದ್ರೆ ಕೇಳ್ಸೋ ಅತಿ ಸಣ್ಣ ಮಟ್ಟ. ನಿಜವಾಗಿ ಕಿವಿ ಮಂದ ಇರೋರು ಏನನ್ನೂ ನೆನಪಿಟ್ಕೋಬೇಕಿಲ್ಲ, ಕೇಳ್ತು ಒತ್ತಿದ್ರು, ಕೇಳ್ಲಿಲ್ಲ ಸುಮ್ನೆ ಕೂತ್ರು. ನಾಟಕ ಮಾಡೋರಿಗೆ ಎಲ್ಲಾ ಕೇಳ್ತಾನೇ ಇರುತ್ತೆ, ಇಷ್ಟು ಜೋರಾದ ಮೇಲೆ ಒತ್ತೋಣ ಅಂತ ಮನಸ್ಸಲ್ಲೇ ಒಂದು ಗೆರೆ ಎಳ್ಕೊಂಡು ಅದನ್ನ ಅರ್ಧ ಗಂಟೆ ಕಾಪಾಡ್ಬೇಕು, ಅದೂ ಸ್ವರ ಬದಲಾಗ್ತಾ, ಕಿವಿ ಬದಲಾಗ್ತಾ ಇರೋವಾಗ. ಆ ಗೆರೆ ಅಲ್ಲಾಡುತ್ತೆ. ಸಾಮಾನ್ಯರಲ್ಲಿ ಅದೇ ಸ್ವರ ಮತ್ತೆ ಕೊಟ್ರೆ 5 ಡೆಸಿಬೆಲ್ ಆಚೀಚೆ ಬರುತ್ತೆ, ಇವ್ರಲ್ಲಿ 15, 20, ಒಮ್ಮೊಮ್ಮೆ 30 ವ್ಯತ್ಯಾಸ ಬರುತ್ತೆ. ಜೋರಿಂದ ಇಳಿಸ್ತಾ ಬಂದಾಗ ಒಂದು ಉತ್ತರ, ಸಣ್ಣದ್ರಿಂದ ಏರಿಸ್ತಾ ಹೋದಾಗ ಇನ್ನೊಂದು.

ಇನ್ನೊಂದು ತಮಾಷೆ ಅಂದ್ರೆ ನಿಜವಾದ ರೋಗಿಗಳು ಸದ್ದೇ ಇಲ್ದಾಗ್ಲೂ ಆಗಾಗ ಬಟನ್ ಒತ್ತಿಬಿಡ್ತಾರೆ, ಕೇಳಿದ ಹಾಗಾಯ್ತಪ್ಪ ಅಂತ. ಕಿವಿ ಚೂಪು ಮಾಡ್ಕೊಂಡು ಕೂತಿರೋರು ಹಾಗೇ. ನಾಟಕದವ್ರು ಮೌನದಲ್ಲಿ ಒತ್ತೋದು ಬಹಳ ಅಪರೂಪ.

ಆಮೇಲೆ ಮಾತಿನ ಪರೀಕ್ಷೆ. 500, 1000, 2000 ಹರ್ಟ್ಸ್ ಮೂರರ ಸರಾಸರಿ ಅಂದ್ರೆ ಪಿಟಿಎ. ಎರಡು ಭಾಗ ಇರೋ ಪದಗಳನ್ನ ಸಣ್ಣ ದನಿಯಲ್ಲಿ ಕೊಟ್ಟು ಅರ್ಧದಷ್ಟು ಪದ ಸರಿಯಾಗಿ ತಿರುಗಿ ಹೇಳೋ ಮಟ್ಟ ಅಂದ್ರೆ ಎಸ್‌ಆರ್‌ಟಿ. ಇವೆರಡೂ ಹತ್ತು ಡೆಸಿಬೆಲ್ ಒಳಗೆ ಹೊಂದ್ಬೇಕು. ನಾಟಕದಲ್ಲಿ ಎಸ್‌ಆರ್‌ಟಿ ಸಾಮಾನ್ಯವಾಗಿ ಪಿಟಿಎಗಿಂತ ಚೆನ್ನಾಗಿ ಬರುತ್ತೆ, ಯಾಕಂದ್ರೆ ಡೆಸಿಬೆಲ್ ನಂಬರ್ ಒಂದೇ ಇದ್ರೂ ಮಾತು ಸ್ವರಕ್ಕಿಂತ ಜೋರಾಗಿ ಕೇಳ್ಸುತ್ತೆ, ಅವ್ರು ಅಳೆಯೋದು ಜೋರನ್ನ, ನಾವು ಅಳೆಯೋದು ಡೆಸಿಬೆಲ್ಲನ್ನ. ಕೆಲವ್ರು ಪದದ ಒಂದು ಅರ್ಧ ಮಾತ್ರ ಹೇಳ್ತಾರೆ, ಇನ್ನೊಂದು ಅರ್ಧ ನುಂಗ್ತಾರೆ, ಎರಡು ಅರ್ಧಗಳ ಜೋರೂ ಒಂದೇ ಇರೋವಾಗ ಒಂದು ಮಾತ್ರ ಕೇಳ್ಸೋದು ಹೇಗೆ?

ನಿಮ್ಮ ಫೈಲಿನ ಶ್ಯಾಡೋ ವಿಷಯಕ್ಕೆ ಬರ್ತೀನಿ. ಹೆಡ್‌ಫೋನಲ್ಲಿ ಎಡಗಿವಿಗೆ ಕೊಟ್ಟ ಸದ್ದು ಒಂದು ಮಟ್ಟ ದಾಟಿದ ಮೇಲೆ ತಲೆಬುರುಡೆ ಮೂಲಕ ಬಲಗಿವಿಗೆ ಸೋರುತ್ತೆ. ಕಿವಿ ಮೇಲೆ ಕೂರೋ ಮಾಮೂಲಿ ಹೆಡ್‌ಫೋನಲ್ಲಿ ಆ ಸೋರಿಕೆ 40 ಡೆಸಿಬೆಲ್ ದಾಟಿದ್ರೆ ಶುರುವಾಗಬಹುದು, ತುಂಬಾ ಜನಕ್ಕೆ 50-65ರ ಸುತ್ತ. ಅಂದ್ರೆ ಬಲಗಿವಿ 10 ಇರೋ ಮನುಷ್ಯನ ಎಡಗಿವಿ ಪೂರ್ತಿ ಸತ್ತೇ ಹೋಗಿದ್ರೂ, ಬಲಗಿವಿಗೆ ಮಾಸ್ಕಿಂಗ್ ಸದ್ದು (ಸೋರಿ ಬಂದಿದ್ದು ಕೇಳ್ಸದ ಹಾಗೆ ಆ ಕಿವಿಗೆ ತುಂಬೋ ಗದ್ದಲ) ಕೊಡದೆ ಟೆಸ್ಟ್ ಮಾಡಿದ್ರೆ, 60-70ರ ಹೊತ್ತಿಗೆ ಬಲಗಿವಿಯಲ್ಲೇ ಕೇಳಿ ಬಟನ್ ಒತ್ತೇ ಒತ್ತಬೇಕು. ಈ ಸುಳ್ಳು ಗೆರೆಗೇ ಶ್ಯಾಡೋ ಅನ್ನೋದು. ಅದು ಇಲ್ಲ ಅಂದ್ರೆ ಬಲಗಿವೀಲಿ ಕೇಳಿದ್ದನ್ನೂ ಬಚ್ಚಿಟ್ರು ಅಂತಾಯ್ತು. ಕಿವಿ ಹಿಂದಿನ ಎಲುಬಿಗೆ ವೈಬ್ರೇಟರ್ ಇಟ್ಟು ಮಾಡೋ ಬೋನ್ ಕಂಡಕ್ಷನಲ್ಲಂತೂ ಈ ತಡೆ ಹೆಚ್ಚುಕಮ್ಮಿ ಸೊನ್ನೆ, ಎಡಕ್ಕಿಟ್ರೂ ಬಲಕ್ಕೆ ಅಷ್ಟೇ ಹೋಗುತ್ತೆ. ಎಡಗಡೆ ಇಟ್ಟಾಗ ಏನೂ ಕೇಳ್ಸಲ್ಲ, ಬಲಗಡೆ ಇಟ್ಟಾಗ ಎಲ್ಲಾ ಕೇಳ್ಸುತ್ತೆ ಅನ್ನೋರನ್ನ ನೋಡಿದೀನಿ, ಪಾಪ, ಅವ್ರಿಗೆ ತಲೆಬುರುಡೆ ಒಂದೇ ಅನ್ನೋದು ಹೊಳೆದಿರಲ್ಲ.

ಹಾಂ, ಕಿವಿಯೊಳಗೆ ತೂರಿಸೋ ಇನ್ಸರ್ಟ್ ಇಯರ್‌ಫೋನ್ ಬಳಸಿದ್ರೆ ಸೋರಿಕೆ ಬಹಳ ಕಮ್ಮಿ, ಲೆಕ್ಕ ಬದಲಾಗುತ್ತೆ. ರಿಪೋರ್ಟಲ್ಲಿ ಯಾವುದು ಬಳಸಿದ್ರು ಅಂತ ನೋಡಿ. ಸ್ಟೆಂಗರ್ ಬಗ್ಗೆ ಇನ್ನೊಂದು ಪೋಸ್ಟಲ್ಲಿ ಬರೀತೀನಿ.

ಮಿಕ್ಸರ್ ಮಂಜ:

ನಾನು ಸೌಂಡ್ ಕೆಲಸದವ್ನು, ಡಾಕ್ಟ್ರಲ್ಲ. ಆದ್ರೆ ಒಂದು ವಿಷಯ ನಮ್ಮ ಕಡೆಯಿಂದ. ಹಾಡೋರಿಗೆ ಭಾಷಣ ಮಾಡೋರಿಗೆ ಅವ್ರ ದನಿನೇ ಸ್ವಲ್ಪ ತಡವಾಗಿ ಹೆಡ್‌ಫೋನಲ್ಲಿ ವಾಪಸ್ ಬಂದ್ರೆ ನಾಲಿಗೆ ತೊಡರುತ್ತೆ, ಮಾತು ನಿಧಾನ ಆಗುತ್ತೆ, ಅಕ್ಷರ ಎಳೀತಾರೆ, ಎಷ್ಟು ಗಟ್ಟಿ ಮನಸ್ಸಿನವ್ರಾದ್ರೂ ತಡ್ಕೊಳ್ಳೋಕಾಗಲ್ಲ. ಸುಮಾರು 200 ಮಿಲಿಸೆಕೆಂಡ್ ತಡ ಇದ್ರೆ ಅತಿ ಹೆಚ್ಚು ಕಾಟ. ಕಿವಿ ಕೇಳ್ಸಲ್ಲ ಅನ್ನೋರಿಗೂ ಇದನ್ನೇ ಮಾಡ್ತಿದ್ರು ಅಂತ ಎಲ್ಲೋ ಓದಿದ್ದೆ, ಒಂದು ಪ್ಯಾರಾ ಓದೋಕೆ ಕೊಟ್ಟು ಅವ್ರ ದನಿನೇ ತಡ ಮಾಡಿ ಕೇಳ್ಸೋದು, ತೊದಲಿದ್ರೆ ಸಿಕ್ಕಿಬಿದ್ರು. ನಿಜನಾ ಮೇಡಂ?

ಗಲಾಟೆ ಜಾಗದಲ್ಲಿ ನಾವೇ ಗೊತ್ತಿಲ್ದೆ ಕಿರುಚ್ತೀವಲ್ಲ ಅದನ್ನೂ ಬಳಸ್ತಾರೆ ಅಂತ ಕೇಳಿದೀನಿ.

ಶಾಂತಧ್ವನಿ:

ನಿಜ ಮಂಜ ಅವ್ರೆ. ನೀವು ಹೇಳಿದ ಎರಡನೇದು ಲೊಂಬಾರ್ಡ್ ಪರಿಣಾಮ, ಎತಿಯೆನ್ ಲೊಂಬಾರ್ಡ್ ಅನ್ನೋ ಫ್ರೆಂಚ್ ಕಿವಿ ವೈದ್ಯರು 1911ರಲ್ಲಿ ಬರ್ದಿದ್ದು. ಓದ್ತಿರೋರ ಕಿವಿಗೆ ಗದ್ದಲ ತುಂಬಿದ್ರೆ ದನಿ ತಾನಾಗೇ ಏರುತ್ತೆ, ಕಿವಿಗೆ ಗದ್ದಲ ತಲುಪದಿದ್ರೆ ಏರಲ್ಲ. ದನಿ ತಡ ಮಾಡೋ ಪರೀಕ್ಷೆ 1950ರ ನಂತರ ಬಂತು, ಮಾತಿನ ಬದಲು ಬೆರಳಲ್ಲಿ ತಾಳ ತಟ್ಟಿಸಿ ಆ ತಟ್ಟಿದ ಸದ್ದನ್ನೇ ತಡ ಮಾಡೋ ಇನ್ನೊಂದು ಬಗೆಯೂ ಇತ್ತು. ಈಗ ಇವನ್ನ ಮಾಡೋರು ಕಮ್ಮಿ, ಯಾಕಂದ್ರೆ ಕೇಳುತ್ತೆ ಅಂತ ತೋರಿಸ್ತಾವೆ ಹೊರತು ಎಷ್ಟು ಕೇಳುತ್ತೆ ಅಂತ ಸರಿಯಾಗಿ ಹೇಳಲ್ಲ, ಜೊತೆಗೆ ಒಳ್ಳೆ ಅಭ್ಯಾಸ ಇದ್ದೋರು ತಡ್ಕೊಂಡೂ ಬಿಡ್ತಾರೆ. ಬೆನ್ನ ಹಿಂದೆ ತಟ್ಟೆ ಬೀಳಿಸೋದು, ಪಿಸುದನಿಯಲ್ಲಿ ಬೈಯೋದು ಇವೆಲ್ಲ ಹಳೇ ಕಾಲದ ಕಿತಾಪತಿ, ನಾನು ಮಾಡಲ್ಲ, ಅದರಲ್ಲಿ ಅಳತೆನೂ ಇಲ್ಲ ಮರ್ಯಾದೆನೂ ಇಲ್ಲ.

ಈಗ ಸ್ಟೆಂಗರ್. ನಂಗೆ ಈ ಟೆಸ್ಟ್ ಅಂದ್ರೆ ಪ್ರೀತಿ. ಈಗಿನಂಥ ಆಡಿಯೋಮೀಟರ್ (ಕಿವಿ ಪರೀಕ್ಷೆ ಮೆಷಿನ್) ಎಲ್ಲೆಡೆ ಬಳಕೆಗೆ ಬರೋ ಮುಂಚೆನೇ ಸ್ಟೆಂಗರ್ ಅನ್ನೋ ಜರ್ಮನ್ ವೈದ್ಯರು ಟ್ಯೂನಿಂಗ್ ಫೋರ್ಕ್ ಇಟ್ಕೊಂಡು ಮಾಡಿ ತೋರಿಸಿದ್ದು. ತತ್ವ ಏನಂದ್ರೆ ಒಂದೇ ಸ್ವರ ಎರಡೂ ಕಿವಿಗೆ ಒಟ್ಟಿಗೆ ಹೋದಾಗ ಎರಡು ಸ್ವರ ಕೇಳ್ಸಲ್ಲ, ಯಾವ ಕಿವೀಲಿ ಜೋರೋ ಅಲ್ಲಿ ಮಾತ್ರ ಕೇಳ್ಸುತ್ತೆ, ಇನ್ನೊಂದು ಕಿವೀಲಿ ಸದ್ದಿದೆ ಅನ್ನೋದೇ ಗೊತ್ತಾಗಲ್ಲ.

ನಿಮ್ಮ ಫೈಲಿನ ನಂಬರ್ ಇಟ್ಟೇ ನೋಡೋಣ. ಬಲಗಿವಿ 10, ಎಡಗಿವಿ 95 ಅಂತಿದಾರೆ. ಬಲಕ್ಕೆ 20 ಕೊಡ್ತೀವಿ, ಅಂದ್ರೆ ಅವ್ರೇ ಕೇಳುತ್ತೆ ಅಂತ ಒಪ್ಕೊಂಡಿದ್ದಕ್ಕಿಂತ 10 ಜಾಸ್ತಿ. ಎಡಕ್ಕೆ ಅದೇ ಹೊತ್ತಿಗೆ ಅದೇ ಸ್ವರ 85, ಅಂದ್ರೆ ಕೇಳಲ್ಲ ಅಂತ ಹೇಳಿದ್ದಕ್ಕಿಂತ 10 ಕಮ್ಮಿ. ಎಡಗಿವಿ ನಿಜವಾಗಿ ಹೋಗಿದ್ರೆ ಆ 85 ಎಡಗಿವೀಲಿ ಕೇಳ್ಸೋದೇ ಇಲ್ಲ, ಸದ್ದು ಬಲಗಿವೀಲೇ ಕೇಳಿ ಆರಾಮಾಗಿ ಒತ್ತುತಾರೆ. ಎಡಗಿವಿ ಚೆನ್ನಾಗಿದ್ರೆ ಆ 85 ಎಡಗಡೆ ಬಡೀತಿರುತ್ತೆ, ಬಲಗಡೆಯ 20 ಅದರಡಿ ಮಾಯ, ಹಾಗಾಗಿ ಅವ್ರ ಅನುಭವಕ್ಕೆ ಬಂದಿದ್ದು ಎಡಗಿವಿ ಸದ್ದು ಮಾತ್ರ. ಎಡಗಿವಿ ಸದ್ದಿಗೆ ಒತ್ತಬಾರ್ದು ಅನ್ನೋದು ಅವ್ರ ಪ್ಲಾನು. ಒತ್ತಲ್ಲ. ಸಿಕ್ಕಿಹಾಕೊಂಡ್ರು, ಯಾಕಂದ್ರೆ ಅವ್ರ ಲೆಕ್ಕದ ಪ್ರಕಾರವೇ ಒಳ್ಳೆ ಕಿವಿಗೆ ಕೇಳೋ ಸದ್ದು ಒಂದು ಅಲ್ಲಿತ್ತು.

ಅಲ್ಲಿಗೇ ಮುಗಿಯಲ್ಲ. ಎಡಗಡೆ ಸದ್ದನ್ನ ಹಂತ ಹಂತವಾಗಿ ಬದಲಾಯಿಸಿ, ಬಲಗಡೆಯ 20ನ್ನ ಮುಚ್ಚೋಕೆ ಎಡಗಡೆ ಕನಿಷ್ಠ ಎಷ್ಟು ಬೇಕು ಅಂತ ಹುಡುಕ್ತೀವಿ. ಆ ಮಟ್ಟ ಎಡಗಿವಿಯ ನಿಜವಾದ ಥ್ರೆಶೋಲ್ಡಿಗೆ 20 ಡೆಸಿಬೆಲ್ ಆಸುಪಾಸಲ್ಲಿ ಇರುತ್ತೆ. ಹೀಗೆ ಹಿಡಿಯೋ ಟೆಸ್ಟೇ ಅಂದಾಜು ಅಳತೆಯನ್ನೂ ಕೊಡುತ್ತೆ.

ಮಿತಿಯೂ ಇದೆ. ಎರಡೂ ಕಿವಿ ಒಂದೇ ಸಮ ಹೋಗಿದೆ ಅನ್ನೋರಿಗೆ ಇದು ನಡಿಯಲ್ಲ, ಕಿವಿ ಕಿವಿಗೆ ಕನಿಷ್ಠ 20, ನನ್ನ ಪ್ರಕಾರ 40 ಡೆಸಿಬೆಲ್ ಅಂತರ ಇದ್ರೆ ನೆಮ್ಮದಿ. ಎರಡು ಕಿವಿಗೆ ಒಂದೇ ಸ್ವರ ಬೇರೆ ಬೇರೆ ಶ್ರುತಿಯಲ್ಲಿ ಕೇಳ್ಸೋ ತೊಂದ್ರೆ ಇರೋರಲ್ಲೂ ಫಲಿತಾಂಶ ಎಡವಟ್ಟಾಗುತ್ತೆ.

ಅಡ್ಡಪ್ರಶ್ನೆ:

ಅಲ್ಲ ಮೇಡಂ, ಇದೆಲ್ಲ ನೀವಿಲ್ಲಿ ಬರೆದ್ಬಿಟ್ರೆ ನಾಳೆ ಓದ್ಕೊಂಡು ಹೋದವ್ನು ಸ್ಟೆಂಗರಲ್ಲಿ ಎಲ್ಲದಕ್ಕೂ ಒತ್ತಿಬಿಟ್ರೆ? ಕಳ್ಳನಿಗೆ ನೀವೇ ಬೀಗದ ವಿಷ್ಯ ಹೇಳಿಕೊಟ್ಟ ಹಾಗಾಗಲ್ವಾ?

ಶಾಂತಧ್ವನಿ:

ಒತ್ತಲಿ ಬಿಡಿ. ಎಲ್ಲದಕ್ಕೂ ಒತ್ತಿದ್ರೆ ಎಡಗಡೆ ಮಾತ್ರ ಕೊಟ್ಟಾಗ್ಲೂ ಒತ್ತಬೇಕಾಗುತ್ತೆ, ಯಾವುದು ಎಡ ಮಾತ್ರ ಯಾವುದು ಎರಡೂ ಅಂತ ಅವ್ರಿಗೆ ಕಿವಿಯಿಂದ ಬೇರೆ ಮಾಡೋಕೆ ಆಗಲ್ಲ, ಅದೇ ಈ ಟೆಸ್ಟಿನ ಜೀವ. ಮೇಲಾಗಿ ಇನ್ನು ಮುಂದಿನ ಟೆಸ್ಟುಗಳಲ್ಲಿ ಬಟನ್ನೇ ಇಲ್ಲ.

ಇಂಪಿಡೆನ್ಸ್ ಟೆಸ್ಟ್ ಮಾಡೋವಾಗ ಜೋರು ಸದ್ದಿಗೆ ನಡುಗಿವಿಯ ಸ್ಟೆಪೀಡಿಯಸ್ ಅನ್ನೋ ಪುಟ್ಟ ಸ್ನಾಯು ಬಿಗಿಯಾಗುತ್ತೆ, ನಾವು ಬೇಡ ಅಂದ್ರೂ ಆಗುತ್ತೆ. ಸಾಮಾನ್ಯ ಕಿವಿಗೆ 70ರಿಂದ 100 ಡೆಸಿಬೆಲ್ ನಡುವೆ. ಥ್ರೆಶೋಲ್ಡ್ 95 ಅಂತ ಹೇಳ್ತಾ 90ಕ್ಕೇ ರಿಫ್ಲೆಕ್ಸ್ ಬಂದ್ರೆ ಕೇಳ್ದೇ ಇರೋ ಸದ್ದಿಗೆ ಕಿವಿ ಬೆಚ್ಚಿಬಿತ್ತು ಅಂದ ಹಾಗೆ.

ಓಎಇ ಅಂತ ಇನ್ನೊಂದು. ಒಳಗಿವಿಯ ಹೊರ ಕೂದಲಕೋಶಗಳು ಸದ್ದಿಗೆ ಪ್ರತಿಯಾಗಿ ತಾವೂ ಸಣ್ಣ ಸದ್ದು ಮಾಡ್ತಾವೆ, ಅದನ್ನ ಕಿವಿ ರಂಧ್ರದಲ್ಲಿ ಮೈಕ್ ಇಟ್ಟು ಹಿಡೀತೀವಿ. ಡೇವಿಡ್ ಕೆಂಪ್ 1978ರಲ್ಲಿ ತೋರಿಸಿಕೊಟ್ರು. ಒಳಗಿವಿ ಕೆಟ್ಟು 30-40 ಡೆಸಿಬೆಲ್ಲಿಗಿಂತ ಜಾಸ್ತಿ ನಷ್ಟ ಇದ್ರೆ ಸಾಮಾನ್ಯವಾಗಿ ಇದು ಸಿಗೋದೇ ಇಲ್ಲ.

ಬೆರಾ ಅಂದ್ರೆ ಹಣೆಗೆ, ಕಿವಿ ಹಿಂದಕ್ಕೆ ಎಲೆಕ್ಟ್ರೋಡ್ ಅಂಟಿಸಿ ಕ್ಲಿಕ್ ಸದ್ದು ಸಾವಿರಾರು ಸಲ ಕೊಟ್ಟು ನರದಿಂದ ಮಿದುಳುಕಾಂಡದ ತನಕ ಹೋಗೋ ವಿದ್ಯುತ್ ಅಲೆ ನೋಡೋದು, ಎಲ್ಲಾ ಅಲೆಗಳೂ ಮೊದಲ 10 ಮಿಲಿಸೆಕೆಂಡಲ್ಲಿ ಮುಗಿದು ಹೋಗುತ್ತೆ. ಮಲಗಿ ನಿದ್ದೆ ಮಾಡಿದ್ರೆ ಇನ್ನೂ ಒಳ್ಳೇದು. ಐದನೇ ಅಲೆ ಎಷ್ಟು ಸಣ್ಣ ಸದ್ದಿನ ತನಕ ಕಾಣುತ್ತೋ ಅದಕ್ಕಿಂತ 10-20 ಡೆಸಿಬೆಲ್ ಕೆಳಗೆ ನಿಜವಾದ ಥ್ರೆಶೋಲ್ಡ್ ಇರುತ್ತೆ ಅಂತ ಲೆಕ್ಕ.

ಗಿರಣಿಯವರ ಮಗ:

ನಾ ಒಂದ್ ಮಾತ್ ಹೇಳ್ತೀನ್ರಿ, ಎಲ್ಲಾರೂ ಸುಳ್ಳು ಹಿಡಿಯೂದೇ ಮಾತಾಡಾಕತ್ತೀರಿ. ನಮ್ಮ ಅಪ್ಪ ಜೀವನ ಪೂರ್ತಿ ಸಪ್ಪಳದಾಗ ಕೆಲಸ ಮಾಡ್ದಾವ. ಟೆಸ್ಟಿಗೆ ಕರ್ಕೊಂಡ್ ಹೋದ್ರ ಅಲ್ಲಿದ್ದ ಹುಡುಗ ಎರಡು ಸಲ ಮಾಡಿ ಎರಡೂ ಸಲ ಬ್ಯಾರೆ ಬ್ಯಾರೆ ಬಂತು ಅಂತ ಹೇಳಿ, ಅಜ್ಜಾರ ನಾಟಕ ಮಾಡಬ್ಯಾಡ್ರಿ ಅಂದ. ಎಲ್ಲಾರ ಮುಂದ. ಅಪ್ಪ ಮನೀಗ್ ಬಂದ್ ಎರಡ್ ದಿನ ಯಾರ ಜೋಡಿನೂ ಮಾತಾಡ್ಲಿಲ್ರಿ.

ಅಸಲಿಗೆ ಏನಾಗಿತ್ತಂದ್ರ ಅಪ್ಪಗ ಕಿವ್ಯಾಗ ಹಗಲೂ ರಾತ್ರಿ ಗುಂಯ್ ಅಂತಿರತೈತಿ, ಮಷಿನ್ನಿನ ಸಣ್ಣ ಸಪ್ಪಳ ಯಾವುದು, ತನ್ನ ಕಿವಿ ಸಪ್ಪಳ ಯಾವುದು ಗೊತ್ತಾಗ್ತಿದ್ದಿಲ್ಲ. ಮ್ಯಾಲ ಆ ಹುಡುಗ ಬಡಾಬಡಾ ಹೇಳಿದ್ದು ಅರ್ಧ ತಿಳಿದಿದ್ದಿಲ್ಲ, ಸಪ್ಪಳ ಚಲೋತ್ನಂಗ ಕೇಳಿದ ಮ್ಯಾಲ ಒತ್ತಬೇಕು ಅಂತ ತಿಳ್ಕೊಂಡಿದ್ದ. ಬ್ಯಾರೆ ಕಡೆ ಹೋದ್ವಿ, ಅವರು ಕೂಡ್ರಿಸಿ ಸಮಾಧಾನಲೇ ಹೇಳಿ, ಬಿಟ್ಟು ಬಿಟ್ಟು ಬರೂ ಸಪ್ಪಳ ಹಾಕಿ ಮಾಡಿದ್ರು, ಮೂರ್ ಸಲ ಮಾಡಿದ್ರೂ ಒಂದೇ ಬಂತು. ಕಿವಿ ಖರೇನ ಹೋಗಿತ್ರಿ.

ಶಾಂತಧ್ವನಿ:

ನಿಮ್ಮಪ್ಪಾಜಿಗೆ ಹಾಗೆ ಅಂದಿದ್ದು ತಪ್ಪು, ಎರಡು ಮಾತಿಲ್ಲ. ಉತ್ತರ ಹೊಂದ್ತಿಲ್ಲ ಅಂತ ಕಂಡಾಗ ನಾವು ಮಾಡ್ಬೇಕಾದ ಮೊದಲ ಕೆಲಸ ಬಾಗಿಲು ತೆಗೆದು ಒಳಗೆ ಹೋಗಿ ಮತ್ತೆ ಅರ್ಥ ಆಗೋ ಹಾಗೆ ಹೇಳೋದು, ಎಷ್ಟೇ ಸಣ್ಣದಾಗಿ ಕೇಳಿದ್ರೂ, ಅನುಮಾನ ಇದ್ರೂ, ಒತ್ತಿ ಅಂತ. ಹೆಡ್‌ಫೋನ್ ಸರಿ ಕೂತಿದ್ಯಾ, ಕಿವೀಲಿ ಗುಗ್ಗೆ ಇದ್ಯಾ, ಹಿಂದಿನ ದಿನ ಸದ್ದಲ್ಲಿ ಕೆಲಸ ಮಾಡಿ ನೇರ ಬಂದಿದಾರಾ ನೋಡ್ಬೇಕು, ಸದ್ದಿಂದ ದೂರ ಕನಿಷ್ಠ 14 ಗಂಟೆ ಇರ್ಬೇಕು, ಇಲ್ಲಾಂದ್ರೆ ತಾತ್ಕಾಲಿಕ ಮಂದವೇ ನಷ್ಟ ಅಂತ ಬಂದ್ಬಿಡುತ್ತೆ. ಗುಂಯ್ ಸದ್ದು ಇರೋರಿಗೆ ಬಿಟ್ಟು ಬಿಟ್ಟು ಬರೋ ಸ್ವರವನ್ನೇ ಕೊಡ್ಬೇಕು, ನಿಮ್ಗೆ ಎರಡನೇ ಕಡೆ ಮಾಡಿದ್ದು ಸರಿ.

ನನ್ನ ಅನುಭವದಲ್ಲಿ ಹೀಗೆ ಮತ್ತೆ ಹೇಳಿ ಮಾಡಿದ್ರೆ ನಾಟಕ ಮಾಡೋರಲ್ಲೂ ಒಂದಷ್ಟು ಜನ ಸರಿಯಾದ ಉತ್ತರ ಕೊಟ್ಬಿಡ್ತಾರೆ. ಮೆಷಿನ್ ಸರಿ ಇರ್ಲಿಲ್ಲ ಅನ್ಸುತ್ತೆ, ಇನ್ನೊಮ್ಮೆ ನೋಡೋಣ ಅಂತ ಹೇಳಿ ಅವ್ರ ಮುಖ ಉಳಿಸ್ತೀನಿ ನಾನು, ಅಷ್ಟು ಸುಳ್ಳು ನಂಗೆ ಪರವಾಗಿಲ್ಲ.

ಓಎಇ ಬಗ್ಗೆ ಒಂದು ಎಚ್ಚರಿಕೆ ಸೇರಿಸ್ತೀನಿ, ಮೇಲೆ ಬರೆದಿದ್ದನ್ನ ಅರ್ಧ ಓದಿ ಯಾರಾದ್ರೂ ತೀರ್ಮಾನ ಮಾಡಿಯಾರು. ಆಡಿಟರಿ ನ್ಯೂರೋಪತಿ ಅಂತ ಇದೆ, ಅದರಲ್ಲಿ ಕೂದಲಕೋಶ ಸರಿಯಿದ್ದು ಓಎಇ ಚೆನ್ನಾಗೇ ಬರುತ್ತೆ, ಆದ್ರೆ ನರದ ಕಡೆ ಸಂಕೇತ ಚೆದುರಿ ಹೋಗುತ್ತೆ, ಬೆರಾ ಬರಲ್ಲ, ಸ್ಟೆಪೀಡಿಯಸ್ ರಿಫ್ಲೆಕ್ಸೂ ಸಾಮಾನ್ಯವಾಗಿ ಬರಲ್ಲ, ಪ್ಯೂರ್ ಟೋನ್ ಉತ್ತರ ದಿನದಿಂದ ದಿನಕ್ಕೆ ಏರುಪೇರೂ ಆಗಬಹುದು. ಇಂಥವ್ರನ್ನ ಸುಳ್ಳುಗಾರರು ಅಂದ್ಬಿಡೋದು ಬಹಳ ಸುಲಭ. ಗುರುತಿಸೋದು ಮಾತಿನ ಪರೀಕ್ಷೆಯಲ್ಲಿ. ನಾಟಕದವ್ರಿಗೆ ಮಾತು ಸ್ವರಕ್ಕಿಂತ ಚೆನ್ನಾಗಿ ಕೇಳುತ್ತೆ, ಇವ್ರಿಗೆ ಸ್ವರಕ್ಕಿಂತ ಮಾತು ಕೆಟ್ಟದಾಗಿ ಕೇಳುತ್ತೆ, ಅದೂ ಗದ್ದಲದಲ್ಲಿ ತೀರಾ ಕೆಟ್ಟದಾಗಿ.

ಸೀಮಾ ಚಿಕ್ಕಮ್ಮ:

ಪರಿಹಾರದ ವಿಷಯ ಅಲ್ಲ, ಆದ್ರೂ ಹೇಳ್ತೀನಿ. ನಮ್ಮಕ್ಕನ ಮಗಳು, ಆರನೇ ಕ್ಲಾಸು, ಇದ್ದಕ್ಕಿದ್ದಂಗೆ ಎರಡೂ ಕಿವಿ ಕೇಳ್ಸಲ್ಲ ಅಂದ್ಳು. ಟೆಸ್ಟಲ್ಲಿ 60 ಬಂತು. ಅಕ್ಕ ಅತ್ತೂ ಅತ್ತೂ ಹಿಯರಿಂಗ್ ಏಡ್ ತಗೋಳೋಕೆ ರೆಡಿ ಆಗಿದ್ಲು. ಆ ಆಡಿಯಾಲಜಿಸ್ಟ್ ಹುಡುಗಿ ಮಾತ್ರ ಇವ್ಳ ಜೊತೆ ಮುಖ ತಿರುಗಿಸ್ಕೊಂಡು ಮೆಲ್ಲಗೆ ಹರಟೆ ಹೊಡೀತಿದ್ರು, ಇವ್ಳು ಪಟಪಟ ಉತ್ತರ ಕೊಡ್ತಿದ್ಳು. ಆಮೇಲೆ ಬಟನ್ ತೆಗೆದಿಟ್ಟು, ಪುಟ್ಟಿ, ಸದ್ದು ಕೇಳಿದ್ರೆ ಹೌದು ಅನ್ನು, ಕೇಳ್ದಿದ್ರೆ ಇಲ್ಲ ಅನ್ನು ಅಂದ್ರು. ಗಾಜಿನ ಆಚೆ ನಾವು ನೋಡ್ತಾ ಇದೀವಿ, ಸಣ್ಣ ಸದ್ದು ಕೊಟ್ಟ ತಕ್ಷಣ ಸರಿಯಾಗಿ ಅದೇ ಹೊತ್ತಿಗೆ ಇವ್ಳು ‘ಇಲ್ಲ’ ಅಂತಾಳೆ! ಮತ್ತೆ ಸದ್ದು, ಮತ್ತೆ ‘ಇಲ್ಲ’. ನಗು ತಡಿಯೋಕಾಗ್ಲಿಲ್ಲ, ಅಕ್ಕ ಮಾತ್ರ ನಗ್ಲಿಲ್ಲ.

ಓಎಇ ಮಾಡಿದ್ರು, ಎರಡೂ ಕಡೆ ಚೆನ್ನಾಗಿ ಬಂತು. ಅವ್ರು ಮಗು ಎದುರು ಸುಳ್ಳು ಅನ್ನೋ ಮಾತೇ ಎತ್ಲಿಲ್ಲ, ನಮ್ಮನ್ನ ಬೇರೆ ಕರೆದು ಕಿವಿ ಚೆನ್ನಾಗಿದೆ, ಮನಸ್ಸಲ್ಲಿ ಏನೋ ಇದೆ ವಿಚಾರಿಸಿ, ಬೈಬೇಡಿ ಅಂದ್ರು. ಕ್ಲಾಸಲ್ಲಿ ಮಾರ್ಕ್ಸ್ ಇಳಿದಿತ್ತು, ಪಾಠ ಕೇಳ್ಸಲ್ಲ ಅಂದ್ರೆ ಯಾರೂ ಬೈಯಲ್ಲ ಅಂತ ಅವ್ಳ ಲೆಕ್ಕ. ಪೂರ್ತಿ ಅದೇ ಕಾರಣನಾ ಇನ್ನೇನಾದ್ರೂ ಇತ್ತಾ ಅಂತ ಇವತ್ತಿಗೂ ನಂಗೆ ಅನುಮಾನ.

ಶಾಂತಧ್ವನಿ:

ಸೀಮಾ ಅವ್ರೆ, ಆ ವಯಸ್ಸಲ್ಲೇ ಇದು ಜಾಸ್ತಿ, ಹತ್ತರಿಂದ ಹನ್ನೆರಡು, ಹುಡುಗಿಯರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ನಿಮ್ಗೆ ಸಿಕ್ಕಿದವ್ರು ಒಳ್ಳೆಯವ್ರು. ಹೌದು-ಇಲ್ಲ ಟೆಸ್ಟ್ ದೊಡ್ಡವ್ರ ಹತ್ರ ನಡಿಯಲ್ಲ, ಮಕ್ಕಳ ಹತ್ರ ಬ್ರಹ್ಮಾಸ್ತ್ರ. ಮತ್ತೆ ನಿಮ್ಮ ಅನುಮಾನ ಸರಿಯಾದ್ದೇ. ಈ ಟೆಸ್ಟುಗಳು ಹೇಳೋದು ಕೊಟ್ಟ ನಂಬರ್ ಕಿವಿಯ ನಂಬರ್ ಅಲ್ಲ ಅಂತ ಮಾತ್ರ, ಯಾಕೆ ಹಾಗೆ ಕೊಟ್ರು ಅನ್ನೋದನ್ನ ಯಾವ ಮೆಷಿನ್ನೂ ಹೇಳಲ್ಲ. ದುಡ್ಡಿಗಾಗಿ ಮಾಡೋರು ಇದಾರೆ, ತಮಗೇ ಗೊತ್ತಿಲ್ದೆ ಮಾನಸಿಕ ಒತ್ತಡದಿಂದ ಕೇಳ್ಸಲ್ಲ ಅನ್ನಿಸ್ತಿರೋರೂ ಇದಾರೆ, ನನ್ನ ಕಷ್ಟ ಯಾರೂ ನಂಬಲ್ಲ ಅಂತ ಇರೋದಕ್ಕೆ ಸ್ವಲ್ಪ ಸೇರಿಸೋರು ಇನ್ನೂ ಜಾಸ್ತಿ.

ಫೈಲ್ ಗುಮಾಸ್ತ:

ಮೇಡಂ, ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಫೈಲ್ ಮತ್ತೆ ತೆಗೆದು ಈ ಸಲ ಪ್ರತಿ ಹಾಳೆ ನೋಡ್ದೆ. ಹೆಡ್‌ಫೋನ್ ಕಿವಿ ಮೇಲೆ ಕೂರೋದೇ. ಎಡಗಿವಿ ಗೆರೆ ನೇರ, 90, 95, 100 ಹೀಗೆ. ಎಡಗಿವಿ ಎಸ್‌ಆರ್‌ಟಿ 45. ಮಾಸ್ಕಿಂಗ್ ಇಲ್ದೆ ಮಾಡಿದ ಕಾಲಮಲ್ಲೂ 95ರ ಸುತ್ತವೇ ಇದೆ. ಸ್ಟೆಂಗರಲ್ಲಿ 1000 ಹರ್ಟ್ಸಿಗೆ ಕನಿಷ್ಠ ಮಟ್ಟ 35 ಅಂತ ಸಣ್ಣಕ್ಕೆ ಬರ್ದಿದಾರೆ. ರಿಫ್ಲೆಕ್ಸ್ 1000 ಹರ್ಟ್ಸಿಗೆ ಎಡಗಡೆ 90. ಓಎಇ ಎರಡೂ ಕಿವೀಲಿ 1000, 2000ಕ್ಕೆ ಇದೆ, 4000ಕ್ಕೆ ಇಲ್ಲ ಅಂತ ಬರ್ದಿದೆ, ಎರಡೂ ಕಿವಿಗೂ. ಬಲಗಿವಿ ಚೆನ್ನಾಗಿದೆಯಲ್ಲ, ಅಲ್ಲಿ ಯಾಕೆ ಇಲ್ಲ?

ಶಾಂತಧ್ವನಿ:

ಬಲಗಿವಿ ಗ್ರಾಫಲ್ಲಿ 4000 ಹರ್ಟ್ಸ್ ಹತ್ರ ಏನಿದೆ ನೋಡಿ ಹೇಳಿ. ಸರಾಸರಿ ನೋಡ್ಬೇಡಿ, ಗ್ರಾಫ್ ನೋಡಿ, ಅದರಲ್ಲಿ ಗೆರೆ ಕೆಳಗೆ ಹೋದಷ್ಟೂ ನಷ್ಟ ಜಾಸ್ತಿ.

ಫೈಲ್ ಗುಮಾಸ್ತ:

ಅಯ್ಯೋ, ಅಲ್ಲಿ ಗೆರೆ ಗುಂಡಿಗೆ ಬಿದ್ದಿದೆ ಮೇಡಂ. 3000ಕ್ಕೆ 30, 4000ಕ್ಕೆ 50, 8000ಕ್ಕೆ ಮತ್ತೆ ಮೇಲೆ ಬಂದು 25.

ಶಾಂತಧ್ವನಿ:

ಅದೇ ನೋಡಿ. ಸದ್ದಿಂದ ಆಗೋ ನಷ್ಟ ಮೊದಲು ಬೀಳೋದೇ 3000ರಿಂದ 6000 ಹರ್ಟ್ಸ್ ನಡುವೆ, 8000ಕ್ಕೆ ಗೆರೆ ಮತ್ತೆ ಎದ್ದೇಳುತ್ತೆ. ಪಿಟಿಎ ಲೆಕ್ಕ 500, 1000, 2000ರದ್ದು ಮಾತ್ರ, ಹಾಗಾಗಿ ಆ ಗುಂಡಿ 10 ಅನ್ನೋ ಸರಾಸರಿಯೊಳಗೆ ಕಾಣದೇ ಹೋಗಿದೆ. ಓಎಇ 4000ಕ್ಕೆ ಎರಡೂ ಕಡೆ ಇಲ್ಲದಿರೋದು ಅದಕ್ಕೆ ಸರಿಯಾಗಿ ಹೊಂದುತ್ತೆ, ಮತ್ತೆ ಓಎಇಗೆ ಅವ್ರೇನೂ ನಾಟಕ ಮಾಡೋಕಾಗಲ್ಲ.

ಎಡಗಿವಿಯ 95 ನಿಜ ಅಲ್ಲ, ಅದರಲ್ಲಿ ನಂಗೆ ಅನುಮಾನ ಇಲ್ಲ. ಶ್ಯಾಡೋ ಇಲ್ಲ, 50 ಡೆಸಿಬೆಲ್ ಎಸ್‌ಆರ್‌ಟಿ ಅಂತರ, ಥ್ರೆಶೋಲ್ಡಿಗಿಂತ ಕೆಳಗೇ ರಿಫ್ಲೆಕ್ಸ್, ಓಎಇ, ಎಲ್ಲಾ ಒಂದೇ ಕಡೆ ಬೆರಳು ತೋರಿಸ್ತಿದಾವೆ. ನ್ಯೂರೋಪತಿ ಇರಬಹುದಾ ಅಂದ್ರೆ ರಿಫ್ಲೆಕ್ಸ್ ಇದೆ, ಮಾತು ಸ್ವರಕ್ಕಿಂತ ಚೆನ್ನಾಗಿದೆ, ಹಾಗಾಗಿ ಅಲ್ಲ. ಎಸ್‌ಆರ್‌ಟಿ ಅಂತರ ಒಂದನ್ನೇ ನಂಬಬಾರ್ದು ಅಂತಲೂ ಹೇಳ್ಬೇಕು, 2000 ಹರ್ಟ್ಸಲ್ಲಿ ಗೆರೆ ಕಡಿದಾಗಿ ಬಿದ್ದಿರೋರಿಗೆ ಮೂರರ ಸರಾಸರಿ ಕೆಟ್ಟದಾಗಿ ಬಂದು ಎಸ್‌ಆರ್‌ಟಿ ಸಹಜವಾಗೇ ಚೆನ್ನಾಗಿರುತ್ತೆ, ಅಂಥ ಕಡೆ ಚೆನ್ನಾಗಿರೋ ಎರಡು ಸ್ವರದ ಸರಾಸರಿ ತಗೋಬೇಕು. ಇವ್ರದ್ದು ನೇರ ಗೆರೆ, ಆ ವಿನಾಯಿತಿ ಸಿಗಲ್ಲ. ಮತ್ತೆ ಮೆಷಿನ್ ಸದ್ದು ಬಹುತೇಕ ಎರಡೂ ಕಿವಿಯನ್ನ ಸಮವಾಗಿ ಹಾಳು ಮಾಡುತ್ತೆ, ಕಡಿಮೆ ಸ್ವರಗಳಲ್ಲಿ ಸದ್ದೊಂದ್ರಿಂದಲೇ 40 ಡೆಸಿಬೆಲ್ ದಾಟೋದು ಅಪರೂಪ, ಹಾಗಾಗಿ ಒಂದೇ ಕಿವಿ 500 ಹರ್ಟ್ಸಲ್ಲೂ 90 ಅನ್ನೋದು ಆ ಕಥೆಗೇ ಹೊಂದಲ್ಲ.

ಆದ್ರೆ 95 ಸುಳ್ಳು ಅಂದ ಮಾತ್ರಕ್ಕೆ ಸೊನ್ನೆ ಅಂತಲ್ಲ. ಬಲಗಿವಿ ಗುಂಡಿ ನಿಜ, ಎಡಗಿವೀಲೂ ಅಂಥದ್ದೇ ಒಂದು ಇರೋ ಸಾಧ್ಯತೆ ಜಾಸ್ತಿ, ಅದರ ಮೇಲೆ ಈ 95ನ್ನ ಹೊದಿಸಿದಾರೆ. ತಳ್ಳಿ ಹಾಕಿದ್ರೆ ಆ ನಿಜವಾದ ನಷ್ಟವೂ ಕಸದ ಬುಟ್ಟಿಗೆ ಹೋಗುತ್ತೆ.

ಬರೀ ಕ್ಲಿಕ್ ಬೆರಾ ಮಾಡಿಸಿದ್ರೆ ಸಾಲಲ್ಲ, ಕ್ಲಿಕ್ ಒಟ್ಟಾರೆ 2000ರಿಂದ 4000 ಹರ್ಟ್ಸ್ ಭಾಗದ ಒಂದು ಅಂದಾಜು ಕೊಡುತ್ತೆ ಅಷ್ಟೆ, ಒಂದೊಂದು ಸ್ವರದ್ದು ಬೇರೆ ಹೇಳಲ್ಲ. 500, 1000, 2000, 4000 ನಾಲ್ಕಕ್ಕೂ ಪ್ರತ್ಯೇಕ ಟೋನ್ ಬರ್ಸ್ಟ್ ಬೆರಾ (ಕ್ಲಿಕ್ ಬದಲು ಒಂದೊಂದೇ ಸ್ವರದ ತುಣುಕು ಕೊಡೋದು) ಅಥವಾ ಎಎಸ್‌ಎಸ್‌ಆರ್ (ಒಂದೊಂದು ಸ್ವರಕ್ಕೂ ಎಲೆಕ್ಟ್ರೋಡಿಂದಲೇ ಅಳೆಯೋ ಇನ್ನೊಂದು ಟೆಸ್ಟ್) ಕೇಳಿ. ಕಾರ್ಟಿಕಲ್ (ಮಿದುಳಿನ ಹೊರಪದರದ) ಟೆಸ್ಟ್ ಮಾಡೋ ಜಾಗ ಸಿಕ್ರೆ ಇನ್ನೂ ಒಳ್ಳೇದು, ಸದ್ದಾದ ಸುಮಾರು 100 ಮಿಲಿಸೆಕೆಂಡಿಗೆ ಬರೋ ಎನ್1 ಅಲೆ ನೋಡೋದು, ಎಚ್ಚರ ಇರೋ ದೊಡ್ಡವ್ರಲ್ಲಿ ಪ್ರತಿ ಸ್ವರದ ಥ್ರೆಶೋಲ್ಡ್ 10 ಡೆಸಿಬೆಲ್ ಆಸುಪಾಸಲ್ಲಿ ಸಿಗುತ್ತೆ. ಅದಕ್ಕೂ ಮುಂಚೆ ಇನ್ನೊಂದು ದಿನ ಕರೆಸಿ, ಸರಿಯಾಗಿ ವಿವರಿಸಿ, ಪ್ಯೂರ್ ಟೋನ್ ಮತ್ತೊಮ್ಮೆ ಮಾಡ್ಲಿ.

ಫೈಲ್ ಗುಮಾಸ್ತ:

ಸರಿ ಮೇಡಂ. ತಿರಸ್ಕರಿಸಲಾಗಿದೆ ಅಂತ ಬರೆಯೋ ಬದಲು ಎಡಗಿವಿ ಅಳತೆ ನಂಬೋ ಹಾಗಿಲ್ಲ, ಮರುಪರೀಕ್ಷೆ ಆಗಬೇಕು, ಬಲಗಿವಿ 4000 ಹರ್ಟ್ಸ್ ನಷ್ಟ ಗಮನಿಸಿ ಅಂತ ಟಿಪ್ಪಣಿ ಹಾಕಿ ಕಳಿಸ್ತೀನಿ. ನಮ್ಮ ನಿಯಮದಲ್ಲಿ 4000 ಲೆಕ್ಕಕ್ಕೆ ತಗೋತಾರಾ ಅಂತ ಮೇಲಿನವ್ರನ್ನ ಕೇಳ್ಬೇಕು. ಪಕ್ಕದ ಟೇಬಲ್ಲವ್ರು ಇನ್ನೂ ನಾಟಕ ನಾಟಕ ಅಂತಾನೇ ಇದಾರೆ, ಅವ್ರ ಹತ್ರ ಇರೋ ಹಳೇ ಫೈಲುಗಳಲ್ಲಿ ಇಂಥ ಗುಂಡಿ ಇದ್ಯಾ ಅಂತ ನೋಡೋಣ ಬನ್ನಿ ಅಂದಿದೀನಿ.